ಮನೆಯಲ್ಲೇ ಕಟ್ಟಿದ ಟ್ರ್ಯಾಕ್ ಕಾರಿಗೆ ಯಾವ ಲೈಟು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಶೆಡ್ಡಿನಲ್ಲಿ ಸ್ವಂತ ಕಾರು ಕಟ್ಟುತ್ತಿರುವವರು ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಲೈಟಿನ ಮಾತು ಬಂದರೆ ಮಾತ್ರ "ಅದು ಕೊನೆಗೆ ನೋಡೋಣ ಬಿಡಿ" ಅನ್ನುತ್ತಾರೆ. ಕೊನೆಗೆ ಅಂದರೆ ಟ್ರ್ಯಾಕಿಗೆ ಹೊರಡುವ ಹಿಂದಿನ ರಾತ್ರಿ. ಆಗ ಬರುವ ಪ್ರಶ್ನೆಗಳೇ ಇವು. ಇಲ್ಲಿ ಹೇಳಿರುವುದೆಲ್ಲ ನಂಬರ್ ಪ್ಲೇಟ್ ಇಲ್ಲದ, ಟ್ರ್ಯಾಕ್ ಡೇಗೆ (ದುಡ್ಡು ಕಟ್ಟಿ ರೇಸ್ ಟ್ರ್ಯಾಕಿನಲ್ಲಿ ಸ್ವಂತ ಗಾಡಿ ಓಡಿಸುವ ದಿನ) ಮಾತ್ರ ಹೋಗಿಬರುವ ಗಾಡಿಗೆ. ರಸ್ತೆಯಲ್ಲಿ ಓಡುವ ಕಾರಿನ ಲೈಟಿನ ಕಾನೂನೇ ಬೇರೆ.

ರಸ್ತೆಗೇ ಇಳಿಯದ ಗಾಡಿಗೆ ಲೈಟ್ ಯಾಕೆ ಬೇಕು?

ನಿಮಗೆ ದಾರಿ ಕಾಣಲಿ ಅಂತ ಅಲ್ಲ. ಹಗಲು ಹೊತ್ತು, ಖಾಲಿ ಡಾಂಬರು, ದಾರಿ ಚೆನ್ನಾಗೇ ಕಾಣುತ್ತದೆ. ಹಿಂದೆ ಬರುವವನಿಗೆ ನೀವು ಏನು ಮಾಡುತ್ತಿದ್ದೀರಿ ಅಂತ ಗೊತ್ತಾಗಬೇಕು, ಅದಕ್ಕೆ ಲೈಟು. ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಒಂದೇ ಸಲಕ್ಕೆ ಹೊಸಬರು, ಹಳಬರು, ಶೋರೂಮಿನಿಂದ ನೇರ ಬಂದ ದೊಡ್ಡ ಕಾರು, ನಿಮ್ಮ 600 ಕೆ.ಜಿ. ಗಾಡಿ ಎಲ್ಲ ಒಟ್ಟಿಗೆ ಇರುತ್ತವೆ. ಹಗುರವಾದ ಗಾಡಿ ತಿರುವಿನ ಹತ್ತಿರದವರೆಗೂ ಹೋಗಿ ಬ್ರೇಕ್ ಹಿಡಿಯುತ್ತದೆ, ಭಾರದ ಗಾಡಿ ಮೊದಲೇ ಹಿಡಿಯಬೇಕು. ನಿಮ್ಮ ಬ್ರೇಕ್ ಲೈಟ್ ನಂಬಿಕೊಂಡೇ ಹಿಂದಿನವನು ತನ್ನ ಕಾಲು ಎತ್ತುವುದು.

ಹಾಗಾದರೆ ಕನಿಷ್ಠ ಏನೇನು ಇರಬೇಕು?

ಬ್ರೇಕ್ ಲೈಟ್ ಎರಡು, ಮಧ್ಯದಲ್ಲಿ ಒಂದು ಕೆಂಪು ಮಳೆ ಲೈಟು (ಮಳೆಯಲ್ಲಿ ಹಿಂದಿನವನಿಗೆ ಗಾಡಿ ಕಾಣಿಸುವ ದೀಪ, ಮುಂದೆ ಬಿಡಿಸಿ ಹೇಳಿದೆ). ಇಷ್ಟಿದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಮುಚ್ಚಿದ ಬಾಡಿಯಾದರೆ ಇಂಡಿಕೇಟರ್ ಸೇರಿಸಿ. ಗಾಡಿ ತುಂಬಾ ತಗ್ಗಾಗಿದ್ದರೆ ಮುಂದೆ ಎರಡು ಸಣ್ಣ ಬಿಳಿ ಲೈಟು. ಹೆಡ್‌ಲೈಟ್, ನಂಬರ್ ಪ್ಲೇಟ್ ಲೈಟ್, ರಿವರ್ಸ್ ಲೈಟ್ ಇವೆಲ್ಲ ಸುಮ್ನೆ ಭಾರ.

ಆದರೆ ಯಾವ ಟ್ರ್ಯಾಕಿಗೆ, ಯಾರು ನಡೆಸುವ ಟ್ರ್ಯಾಕ್ ಡೇಗೆ ಹೋಗುತ್ತಿದ್ದೀರೋ ಅವರ ನಿಯಮದ ಹಾಳೆ ಮೊದಲು ತರಿಸಿಕೊಳ್ಳಿ. ಮನೆಯಲ್ಲಿ ಕಟ್ಟಿದ ಗಾಡಿಯನ್ನು ಒಳಗೆ ಬಿಡುತ್ತಾರಾ ಅನ್ನುವುದನ್ನೇ ಮೊದಲು ಕೇಳಬೇಕು. ಫೋಟೋ ಕಳಿಸಿ, ಫೋನ್ ಮಾಡಿ, ಆಮೇಲೆ ದುಡ್ಡು ಕಟ್ಟಿ.

ಫಾರ್ಮುಲಾ ಕಾರುಗಳಿಗೆ ಬ್ರೇಕ್ ಲೈಟೇ ಇರುವುದಿಲ್ಲವಲ್ಲ, ನನಗ್ಯಾಕೆ?

ನಿಜ, ಸಿಂಗಲ್ ಸೀಟರ್ ರೇಸ್ ಕಾರುಗಳಿಗೆ ಬ್ರೇಕ್ ಲೈಟ್ ಇಲ್ಲ. ಹಿಂದೆ ಮಧ್ಯದಲ್ಲಿ ಕೆಂಪು ಮಳೆ ಲೈಟು ಮಾತ್ರ. ಫಾರ್ಮುಲಾ ಒನ್‌ನಲ್ಲಿ ಅದೇ ಲೈಟು ಬ್ಯಾಟರಿಗೆ ಶಕ್ತಿ ತುಂಬಿಕೊಳ್ಳುವಾಗಲೂ ಮಿಣುಕುತ್ತದೆ, ಯಾಕೆಂದರೆ ಆಗ ಗಾಡಿ ಇದ್ದಕ್ಕಿದ್ದಂತೆ ನಿಧಾನವಾಗಬಹುದು. ಆದರೆ ಅಲ್ಲಿ ಎಲ್ಲರದ್ದೂ ಒಂದೇ ಥರದ ಗಾಡಿ, ಎಲ್ಲರೂ ಲೈಸೆನ್ಸ್ ಪಡೆದ ರೇಸರ್‌ಗಳು, ಎಲ್ಲರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬ್ರೇಕ್ ಹಿಡಿಯುತ್ತಾರೆ. ಟ್ರ್ಯಾಕ್ ಡೇಯಲ್ಲಿ ಹಾಗಲ್ಲ. ನಿಮ್ಮದು ಫಾರ್ಮುಲಾ ಥರದ ಓಪನ್ ಗಾಡಿಯೇ ಆಗಿದ್ದರೂ ಬ್ರೇಕ್ ಲೈಟ್ ಹಾಕಿ.

ಹೇಳಿಕೊಳ್ಳುವುದಾದರೆ ನಮ್ಮ ಕಡೆ ಈ ಥರ ಗಾಡಿ ಕಟ್ಟುವ ಪರಂಪರೆ ಒಳ್ಳೆಯದೇ ಇದೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಇಟ್ಟುಕೊಂಡೇ ಫಾರ್ಮುಲಾ ಮಾರುತಿ ಕಾರು ಕಟ್ಟಿದವರು. ಅಲ್ಲಿನ ರೇಸ್ ಟ್ರ್ಯಾಕ್ ಕರಿ ಮೋಟರ್ ಸ್ಪೀಡ್‌ವೇಗೆ ಅವರದ್ದೇ ಹೆಸರು.

ಬಲ್ಬಾ, ಎಲ್‌ಇಡಿನಾ?

ಎಲ್‌ಇಡಿ. ಇದರಲ್ಲಿ ಎರಡು ಮಾತಿಲ್ಲ.

ಕಾರಣ ಇಷ್ಟೇ. ಬಲ್ಬಿನ ತಂತಿ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು. ಎಲ್‌ಇಡಿಗೆ ಆ ಕಾಯುವಿಕೆ ಇಲ್ಲ. 0.2 ಸೆಕೆಂಡ್ ಏನು ಮಹಾ ಅನ್ನಿಸಬಹುದು. ಗಂಟೆಗೆ 120 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಹಿಂದಿನ ಗಾಡಿ ಆರೂವರೆ ಮೀಟರ್‌ಗಿಂತ ಜಾಸ್ತಿ ಮುಂದೆ ಬಂದಿರುತ್ತದೆ. ಅಂದರೆ ಎರಡು ಮಾರುತಿ 800 ಸಾಲಾಗಿ ನಿಲ್ಲಿಸಿದಷ್ಟು ಉದ್ದ.

ಇನ್ನೊಂದು ಅದುರುವಿಕೆ. ಮನೆಯಲ್ಲಿ ಕಟ್ಟಿದ ಗಾಡಿಯಲ್ಲಿ ಎಂಜಿನ್ ಮೌಂಟ್ ಗಟ್ಟಿ, ಸ್ಪ್ರಿಂಗ್ ಗಟ್ಟಿ, ಸೀಟೂ ಗಟ್ಟಿ. ಬಲ್ಬಿನ ತಂತಿ ಬೇಗ ಕಡಿದುಹೋಗುತ್ತದೆ. ಕರೆಂಟೂ ಉಳಿಯುತ್ತದೆ: 21 ವ್ಯಾಟಿನ ಒಂದು ಬ್ರೇಕ್ ಬಲ್ಬು 12 ವೋಲ್ಟಿನಲ್ಲಿ 1.75 ಆಂಪಿಯರ್ ಎಳೆಯುತ್ತದೆ, ಅಷ್ಟೇ ಬೆಳಕಿನ ಎಲ್‌ಇಡಿ ಅದರ ಕಾಲು ಭಾಗವನ್ನೂ ಎಳೆಯುವುದಿಲ್ಲ.

ಹಳೇ ಟೈಲ್ ಲ್ಯಾಂಪಿಗೆ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ಟೈಲ್ ಲ್ಯಾಂಪಿನ ಒಳಗಿನ ಹೊಳೆಯುವ ಬಟ್ಟಲು ಬಲ್ಬಿನ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಬಲ್ಬಿನ ಬೆಳಕು ಬೇರೆ ಜಾಗದಿಂದ, ಬೇರೆ ದಿಕ್ಕಿಗೆ ಬರುತ್ತದೆ. ಮಧ್ಯದಲ್ಲಿ ಒಂದು ಚುಕ್ಕೆ ಹೊಳೆದು ಸುತ್ತ ಮಬ್ಬಾಗಿ ಕಾಣುತ್ತದೆ. ಬಿಳಿ ಎಲ್‌ಇಡಿಯನ್ನು ಕೆಂಪು ಗಾಜಿನ ಹಿಂದೆ ಹಾಕಿದರೆ ಬಣ್ಣವೂ ಗುಲಾಬಿಗೆ ತಿರುಗುತ್ತದೆ. ಹಾಗೇ ಹಾಕಲೇಬೇಕು ಅಂದರೆ ಕೆಂಪು ಎಲ್‌ಇಡಿ ಬಲ್ಬೇ ಹಾಕಿ. ಆದರೆ ಪೂರ್ತಿ ಎಲ್‌ಇಡಿ ಲ್ಯಾಂಪೇ ಕೊಂಡರೆ ಈ ತಲೆನೋವು ಇಲ್ಲ.

ಅಟ್ಟದ ಮೇಲೆ ಹಳೇ ಯೆಜ್ದಿಯ ಟೈಲ್ ಲ್ಯಾಂಪ್ ಇದೆ. ನೋಡೋಕೆ ಚೆಂದ. ಹಾಕಬಹುದಾ?

ಮೈಸೂರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಯೆಜ್ದಿ ಬೈಕ್ ಮಾಡುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ, ಆದರೆ ಅದರ ಬಿಡಿಭಾಗ ಇನ್ನೂ ಎಷ್ಟೋ ಮನೆಯ ಅಟ್ಟದಲ್ಲಿದೆ. ಹಳೇ ಜಾವಾಗಳದ್ದು 6 ವೋಲ್ಟಿನ ವೈರಿಂಗ್. ಆ ಬಲ್ಬಿಗೆ ಕಾರಿನ 12 ವೋಲ್ಟ್ ಕೊಟ್ಟರೆ ಒಂದು ಸಲ ಜೋರಾಗಿ ಹೊಳೆದು ಹೋಗಿಬಿಡುತ್ತದೆ. 12 ವೋಲ್ಟಿನ ಬಲ್ಬು ಹಾಕಿದರೂ ಆ ಸಣ್ಣ ಲ್ಯಾಂಪು ಬಿಸಿಲಲ್ಲಿ ಬ್ರೇಕ್ ಲೈಟಾಗಿ ಕಾಣುವುದಿಲ್ಲ. ಚೆಂದಕ್ಕೆ ಬೇಕಿದ್ದರೆ ಇರಲಿ, ಬ್ರೇಕಿನ ಕೆಲಸ ಅದಕ್ಕೆ ಒಪ್ಪಿಸಬೇಡಿ.

ಒಳ್ಳೆ ಎಲ್‌ಇಡಿ ಲ್ಯಾಂಪು ಎಲ್ಲಿ ಸಿಗುತ್ತದೆ?

ರೇಸಿಂಗ್ ಸಾಮಾನಿನ ಅಂಗಡಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಲಾರಿ ಬಾಡಿ ಕಟ್ಟುವವರ ಪಕ್ಕದಲ್ಲಿ ಇರುತ್ತದಲ್ಲ ಆಟೋ ಎಲೆಕ್ಟ್ರಿಕಲ್ ಅಂಗಡಿ, ಅಲ್ಲಿ ಕೇಳಿ. ಲಾರಿ ಟ್ರೈಲರ್‌ಗೆ ಹಾಕುವ ದುಂಡನೆಯ ಎಲ್‌ಇಡಿ ಲ್ಯಾಂಪು ಹಗುರ, ಅಗ್ಗ, ನೀರು ಒಳಗೆ ಹೋಗದ ಹಾಗೆ ಮುಚ್ಚಿರುತ್ತದೆ. ಧೂಳು, ಅದುರು, ಪ್ರೆಷರ್ ವಾಷ್ ಎಲ್ಲ ತಡೆಯಲೆಂದೇ ಮಾಡಿದ್ದು.

ಕೊಳ್ಳುವಾಗ ನೋಡಬೇಕಾದದ್ದು ವೋಲ್ಟೇಜ್. ದೊಡ್ಡ ಲಾರಿ, ಬಸ್ಸು ಸಾಮಾನ್ಯವಾಗಿ 24 ವೋಲ್ಟ್, ನಿಮ್ಮದು 12. ಲ್ಯಾಂಪಿನ ಹಿಂದೆ "12–24" ಅಂತ ಇದ್ದರೆ ಸರಿ. ಬರೀ 24 ಅಂತಿದ್ದರೆ ನಿಮ್ಮ ಗಾಡಿಯಲ್ಲಿ ಮಂಕಾಗಿ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. ಅಂಗಡಿಯವರ ಬ್ಯಾಟರಿಗೇ ಹಿಡಿದು ತೋರಿಸಲು ಹೇಳಿ, ಎರಡು ನಿಮಿಷದ ಕೆಲಸ. ಐಪಿ67 ಅಂತ ಇದ್ದರೆ ನೀರಿನ ಚಿಂತೆ ಬೇಡ. ವೃತ್ತದೊಳಗೆ "ಇ" ಅಕ್ಷರದ ಗುರುತು ಇದ್ದರೆ ಯೂರೋಪಿನ ಪರೀಕ್ಷೆ ಪಾಸಾದ ಮಾಲು. ಟ್ರ್ಯಾಕಿಗೆ ಅದು ಕಡ್ಡಾಯವಲ್ಲ, ಆದರೆ ಬೆಳಕು ಎಷ್ಟಿರುತ್ತದೆ ಅನ್ನುವುದಕ್ಕೆ ಒಂದು ಭರವಸೆ. ಸುತ್ತ ಬಣ್ಣಬಣ್ಣದ ಉಂಗುರ ಓಡುವ ಅಲಂಕಾರದ ಲ್ಯಾಂಪುಗಳನ್ನು ಮುಟ್ಟಬೇಡಿ.

ಎಷ್ಟು ಎತ್ತರದಲ್ಲಿ ಹಾಕಬೇಕು?

ಹಿಂದಿನ ಚಾಲಕನ ಕಣ್ಣಿಗೆ ನೇರ ಬೀಳುವ ಹಾಗೆ. ತಗ್ಗಿನ ಗಾಡಿಯಲ್ಲಿ ಬಂಪರ್ ಮಟ್ಟದಲ್ಲಿ ಹಾಕಿದರೆ ಎತ್ತರದ ಕಾರಿನವನಿಗೆ ಹತ್ತಿರ ಬಂದಾಗ ಅವನ ಬಾನೆಟ್ಟೇ ಅಡ್ಡ. ಸಾಧ್ಯವಾದಷ್ಟು ಮೇಲೆ ಹಾಕಿ. ರೋಲ್ ಕೇಜಿನ (ಗಾಡಿ ಮಗುಚಿದರೆ ಚಾಲಕನನ್ನು ಕಾಯುವ ಕಬ್ಬಿಣದ ಪೈಪಿನ ಗೂಡು) ಹಿಂದಿನ ಅಡ್ಡಪಟ್ಟಿಗೆ ಮೂರನೆಯದೊಂದು ಬ್ರೇಕ್ ಲೈಟ್ ಕಟ್ಟಿದರೆ ಇನ್ನೂ ಒಳ್ಳೆಯದು. ಹಿಂದೆ ರೆಕ್ಕೆ ಇದ್ದರೆ ಅದು ಲೈಟನ್ನು ಮುಚ್ಚುತ್ತದಾ ನೋಡಿ. ಸೈಲೆನ್ಸರ್ ಬಾಯಿಗೆ ಹತ್ತಿರ ಇಡಬೇಡಿ, ಪ್ಲಾಸ್ಟಿಕ್ಕು ಕರಗುತ್ತದೆ.

ಕಾಲೇಜು ಹುಡುಗರ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ನಿಯಮದಲ್ಲಿ ಒಂದು ಒಳ್ಳೆಯ ಅಳತೆ ಇದೆ: ಬ್ರೇಕ್ ಲೈಟು ಕಪ್ಪು ಹಿನ್ನೆಲೆಯ ಮೇಲೆ ಕೆಂಪಗಿರಬೇಕು, ಬೆಳಗುವ ಭಾಗ ಕನಿಷ್ಠ 15 ಚದರ ಸೆಂಟಿಮೀಟರ್ ಇರಬೇಕು, ಚಕ್ರದ ಮಧ್ಯಕ್ಕೂ ಚಾಲಕನ ಹೆಗಲಿಗೂ ನಡುವಿನ ಎತ್ತರದಲ್ಲಿರಬೇಕು, ಸುಡುಬಿಸಿಲಿನಲ್ಲೂ ಸ್ಪಷ್ಟವಾಗಿ ಕಾಣಬೇಕು. ನಿಮ್ಮ ಗಾಡಿ ಆ ಸ್ಪರ್ಧೆಗೆ ಹೋಗದಿದ್ದರೂ ಆ ಕಪ್ಪು ಹಿನ್ನೆಲೆಯ ಉಪಾಯ ಕದ್ದುಕೊಳ್ಳಿ. ಕೆಂಪು ಬಾಡಿಯ ಮೇಲೆ ಕೆಂಪು ಲೈಟು ಹತ್ತಿದ್ದೇ ಗೊತ್ತಾಗುವುದಿಲ್ಲ. ಲ್ಯಾಂಪಿನ ಸುತ್ತ ನಾಲ್ಕು ಬೆರಳು ಅಗಲ ಮ್ಯಾಟ್ ಕಪ್ಪು ಬಳಿದರೆ ಅದೇ ಲೈಟು ಎದ್ದು ಕಾಣುತ್ತದೆ.

ಬಿಸಿಲಲ್ಲಿ ಕಾಣುತ್ತದಾ ಅಂತ ಹೇಗೆ ಪರೀಕ್ಷೆ ಮಾಡೋದು?

ಶೆಡ್ಡಿನೊಳಗೆ ಎಲ್ಲ ಲೈಟೂ ಚೆನ್ನಾಗೇ ಕಾಣುತ್ತದೆ. ಗಾಡಿಯನ್ನು ಹೊರಗೆ ತಳ್ಳಿ, ಮಧ್ಯಾಹ್ನ ಮೂರು, ಮೂರೂವರೆ ಹೊತ್ತಿಗೆ, ಹಿಂಭಾಗ ಸೂರ್ಯನಿಗೆ ನೇರ ಬರುವ ಹಾಗೆ ನಿಲ್ಲಿಸಿ. ಮೂವತ್ತು ಹೆಜ್ಜೆ ಹಿಂದೆ ಇನ್ನೊಂದು ಕಾರು ನಿಲ್ಲಿಸಿ, ಅದರ ಡ್ರೈವರ್ ಸೀಟಿನಲ್ಲಿ ಕೂತು ನೋಡಿ. ನಿಂತು ನೋಡಿದರೆ ಲೆಕ್ಕಕ್ಕಿಲ್ಲ. ತಮ್ಮನಿಗೋ ಸ್ನೇಹಿತನಿಗೋ ನಿಮಗೆ ಹೇಳದೆ ಯಾವಾಗ ಬೇಕೋ ಆವಾಗ ಪೆಡಲ್ ಒತ್ತಲು ಹೇಳಿ. ಲೈಟನ್ನೇ ದಿಟ್ಟಿಸಬೇಡಿ, ಗಾಡಿಯ ಮೇಲೆ ಸುಮ್ನೆ ಕಣ್ಣಿಟ್ಟಿರಿ. "ಈಗ" ಅಂತ ತಕ್ಷಣ ಹೇಳಲು ಆಗದಿದ್ದರೆ ಆ ಲೈಟು ಸಾಲದು. ಮೇಲೆ ಒಂದು ಸಣ್ಣ ತಗಡಿನ ಚಾವಣಿ ಕೊಟ್ಟು ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಬ್ರೇಕ್ ಸ್ವಿಚ್ ಯಾವುದು ಒಳ್ಳೆಯದು, ಪೆಡಲ್ ಹತ್ತಿರದ್ದಾ, ಪೈಪಿನಲ್ಲಿ ಕೂರುವುದಾ?

ಲೈಟಿಗೆ ದುಡ್ಡು ಸುರಿದು ಸ್ವಿಚ್ ಮರೆಯುವವರೇ ಜಾಸ್ತಿ. ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

ಪೈಪಿನಲ್ಲಿ ಕೂರುವ ಸ್ವಿಚ್ಚು ಬ್ರೇಕ್ ಆಯಿಲಿನ ಒತ್ತಡ ಏರಿದಾಗ ಹತ್ತುತ್ತದೆ. ಜೋಡಿಸುವುದು ಸುಲಭ. ತೊಂದರೆ ಏನೆಂದರೆ ಒತ್ತಡ ಒಂದು ಮಟ್ಟ ಮುಟ್ಟುವ ತನಕ ಅದು ಸುಮ್ಮನಿರುತ್ತದೆ, ಮೆಲ್ಲಗೆ ಬ್ರೇಕ್ ಮುಟ್ಟಿದರೆ ಲೈಟೇ ಹತ್ತುವುದಿಲ್ಲ. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ಅಂತ ಬ್ರೇಕ್ ಆಯಿಲ್ ತಳ್ಳುವ ಎರಡು ಮಾಸ್ಟರ್ ಸಿಲಿಂಡರ್ ಇದ್ದರೆ ಸ್ವಿಚ್ಚು ಒಂದರಲ್ಲಿ ಮಾತ್ರ ಇರುತ್ತದೆ. ಆ ಕಡೆಯ ಆಯಿಲ್ ಸೋರಿದರೆ ಬ್ರೇಕಿನ ಅರ್ಧವೂ ಹೋಯಿತು, ಲೈಟೂ ಹೋಯಿತು.

ಪೆಡಲ್ ಸ್ವಿಚ್ಚೇ ವಾಸಿ. ಮಾರುತಿ 800, ಓಮ್ನಿ ಯಾವುದರದ್ದಾದರೂ ಆದೀತು, ಯಾವ ಸ್ಪೇರ್ ಅಂಗಡಿಯಲ್ಲೂ ಸಿಗುತ್ತದೆ. ಪೆಡಲ್ ಮೇಲಿದ್ದಾಗ ಸ್ವಿಚ್ಚಿನ ಕಡ್ಡಿ ಒತ್ತಿರುತ್ತದೆ, ಲೈಟ್ ಆರಿರುತ್ತದೆ. ಪೆಡಲ್ ಕೆಳಗೆ ಹೋದ ಕೂಡಲೇ ಕಡ್ಡಿ ಹೊರಬಂದು ಲೈಟ್ ಹತ್ತುತ್ತದೆ. ಸ್ವಿಚ್ಚಿನ ಮೈತುಂಬ ಸ್ಕ್ರೂ ಮರೆ (ಥ್ರೆಡ್) ಇರುತ್ತದೆ, ಎರಡು ನಟ್ಟಿನ ನಡುವೆ ಬ್ರಾಕೆಟ್ಟು. ನಟ್ಟು ಸಡಿಲಿಸಿ ಹಿಂದೆ ಮುಂದೆ ಮಾಡಿ, ಪ್ಯಾಡು ಡಿಸ್ಕನ್ನು ಹಿಡಿಯುವ ಮೊದಲೇ, ಪೆಡಲಿನ ಸಡಿಲು ದಾಟುವಾಗಲೇ ಲೈಟ್ ಹತ್ತುವ ಹಾಗೆ ಕೂರಿಸಿ. ಆಮೇಲೆ ನಟ್ಟುಗಳನ್ನು ಬಿಗಿಮಾಡಿ ಒಂದು ಬಣ್ಣದ ಗೆರೆ ಎಳೆಯಿರಿ, ಸಡಿಲವಾದರೆ ಗೆರೆ ಜರುಗಿದ್ದು ಕಾಣುತ್ತದೆ.

ಅತಿ ಮಾಡಬೇಡಿ. ಕಡ್ಡಿ ಅರೆಬರೆ ಒತ್ತಿದ್ದರೆ ಗಾಡಿ ಅದುರಿದಾಗಲೆಲ್ಲ ಲೈಟ್ ಹತ್ತುತ್ತದೆ. ಯಾವಾಗಲೂ ಹತ್ತಿಕೊಂಡೇ ಇರುವ ಬ್ರೇಕ್ ಲೈಟು ಇಲ್ಲದ ಲೈಟಿಗಿಂತ ಕೆಟ್ಟದ್ದು. ಎರಡು ಸುತ್ತು ನೋಡಿದವನು ಮೂರನೇ ಸುತ್ತಿಗೆ ಅದನ್ನ ನಂಬುವುದೇ ಬಿಡುತ್ತಾನೆ.

ಮಳೆ ಲೈಟು ಅಂದರೆ ಏನು? ನಮ್ಮಲ್ಲಿ ಮಳೆಯಲ್ಲಿ ಯಾರು ಟ್ರ್ಯಾಕ್ ಡೇ ಮಾಡ್ತಾರೆ?

ಮಳೆಯಲ್ಲಿ ಟೈರು ಎಬ್ಬಿಸುವ ನೀರಿನ ಮೋಡದೊಳಗೆ ಮುಂದಿನ ಗಾಡಿ ಇದೆ ಅಂತ ತೋರಿಸಲು ಹಿಂಭಾಗದ ಮಧ್ಯದಲ್ಲಿ ಇಡುವ ಜೋರು ಕೆಂಪು ದೀಪ ಅದು. ಸಾಮಾನ್ಯ ಡೇಂಜರ್ ಲೈಟಿನ 5 ವ್ಯಾಟಿನ ಬಲ್ಬು ಆ ಮೋಡ ದಾಟಿ ಬರುವುದಿಲ್ಲ. ಬ್ರಿಟನ್ನಿನ ಕ್ಲಬ್ ರೇಸಿಂಗ್ ನಿಯಮ ಕನಿಷ್ಠ 21 ವ್ಯಾಟ್ ಕೇಳುತ್ತದೆ, ಮಧ್ಯದ ಗೆರೆಯಿಂದ 10 ಸೆಂಟಿಮೀಟರ್ ಒಳಗೆ ಇರಬೇಕು ಅನ್ನುತ್ತದೆ. ಎಲ್‌ಇಡಿ ಮಳೆ ಲೈಟುಗಳಿಗೆ ಎಫ್‌ಐಎ (ವಿಶ್ವ ಮಟ್ಟದ ಮೋಟಾರ್ ರೇಸಿಂಗ್ ಸಂಸ್ಥೆ) ಮಾನದಂಡವೇ ಇದೆ, 8874-2019 ಅಂತ. ಆ ಗುರುತಿನ ಲೈಟು ದುಬಾರಿ. ಟ್ರ್ಯಾಕ್ ಡೇಗೆ ಕಾರಿನ ಹಿಂದಿನ ಕೆಂಪು ಫಾಗ್ ಲ್ಯಾಂಪು ಸಾಕು, ಅದರ ಕೆಲಸವೂ ಇದೇ.

ಇನ್ನು ಮಳೆ ಬರುತ್ತದಾ ಅನ್ನುವ ಮಾತು. ಮೈಸೂರಿನ ಮಳೆ ನೋಡಿ ಲೆಕ್ಕ ಹಾಕಬೇಡಿ. ನೀವು ಹೋಗುವುದು ಕೊಯಮತ್ತೂರಿಗೆ, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೆ. ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಹಿಂಗಾರು ಮಳೆ ಜೋರು. ನಮ್ಮಲ್ಲಿ ಭತ್ತದ ಕೊಯ್ಲಿಗೆ ಬಿಸಿಲು ಕಾಯುವ ಹೊತ್ತಿಗೆ ಅಲ್ಲಿ ಟ್ರ್ಯಾಕಿನ ಮೇಲೆ ನೀರು ನಿಂತಿರಬಹುದು.

ಸ್ವಿಚ್ಚು ಬೇರೆಯೇ ಇರಲಿ, ಗ್ಲೌಸ್ ಹಾಕಿದ ಕೈಗೆ ಸುಲಭವಾಗಿ ಸಿಗಲಿ. ಬಿಸಿಲಿದ್ದಾಗ ಆರಿಸಿ. ಮಳೆ ಲೈಟಿಗೂ ಬ್ರೇಕ್ ಲೈಟಿಗೂ ನಡುವೆ ಕನಿಷ್ಠ ಒಂದು ಗೇಣು ಅಂತರ ಇರಲಿ, ಇಲ್ಲದಿದ್ದರೆ ಯಾವುದು ಹತ್ತಿದ್ದು ಅಂತ ಹಿಂದಿನವನಿಗೆ ತಿಳಿಯದು.

ಬ್ರೇಕ್ ಹಿಡಿದಾಗ ಲೈಟು ಪಟಪಟ ಮಿಣುಕುವ ಹಾಗೆ ಮಾಡಬಹುದಾ? ಬೈಕಿಗೆ ಹಾಕ್ತಾರಲ್ಲ ಹಾಗೆ.

ಬೇಡ. ಮಿಣುಕಿನಲ್ಲಿ ಅರ್ಧ ಹೊತ್ತು ಲೈಟು ಆರಿರುತ್ತದೆ ಅನ್ನುವುದು ನೆನಪಿರಲಿ. ಬ್ರೇಕ್ ಹಿಡಿದಷ್ಟು ಹೊತ್ತೂ ಬಿಡದೆ ಉರಿಯಲಿ. ಮಿಣುಕು ಮಳೆ ಲೈಟಿಗೆ ಬಿಡಿ.

ಹೆಡ್‌ಲೈಟ್ ತೆಗೆದುಬಿಡಲಾ?

ಹಗಲು ಹೊತ್ತಿನ ಟ್ರ್ಯಾಕ್ ಡೇ ಮಾತ್ರ ಆದರೆ ತೆಗೆಯಿರಿ. ಮುಂದಿನ ಚಕ್ರಕ್ಕಿಂತ ಮುಂದೆ ಇರುವ ಭಾರ ಅದು, ತಿರುವಿನಲ್ಲಿ ಮೂತಿ ಎಳೆಯುತ್ತದೆ. ತೆಗೆದ ತೂತನ್ನು ಖಾಲಿ ಬಿಡಬೇಡಿ. ಒಂದರಿಂದ ಎಂಜಿನ್ನಿಗೆ ತಣ್ಣನೆ ಗಾಳಿ, ಇನ್ನೊಂದರಿಂದ ಪೈಪ್ ಎಳೆದು ಬ್ರೇಕ್ ಡಿಸ್ಕಿಗೆ ಗಾಳಿ ಕೊಡಬಹುದು. ಏನೂ ಬೇಡವಾದರೆ ತೆಳ್ಳಗಿನ ಅಲ್ಯೂಮಿನಿಯಂ ತಗಡು ಹೊಡೆದು ಮುಚ್ಚಿ.

ಹಳೇ ಕಾರಿನ ಮೂತಿಯನ್ನೇ ಉಳಿಸಿಕೊಂಡಿದ್ದರೆ, ಹೆಡ್‌ಲೈಟು ಗಾಜಿನದ್ದಾದರೆ, ಅದರ ಮೇಲೆ ಪೂರ್ತಿ ಟೇಪ್ ಅಂಟಿಸಿ. ಒಂದು ಕಲ್ಲು ಬಡಿದು ಗಾಜು ಪುಡಿಯಾದರೆ ಟ್ರ್ಯಾಕಿನ ತುಂಬ ಚೂರು, ಎಲ್ಲರ ಟೈರಿಗೂ ಕುತ್ತು, ಆ ಹೊತ್ತಿನ ಓಟವೇ ನಿಲ್ಲುತ್ತದೆ. ಟೇಪ್ ಹಾಕಿದ ಮೇಲೆ ಹೆಡ್‌ಲೈಟ್ ಫ್ಯೂಸ್ ಕಿತ್ತಿಡಿ. ತಪ್ಪಿ ಸ್ವಿಚ್ ಒತ್ತಿದರೆ ಟೇಪಿನ ಹಿಂದೆ ಬಿಸಿ ಏರಿ ಗಾಜು ಸೀಳಬಹುದು. ಸಂಜೆ ಮರೆಯದೆ ಟೇಪ್ ಬಿಚ್ಚಿ. ಬಿಸಿಲಲ್ಲಿ ಒಂದೆರಡು ದಿನ ಬಿಟ್ಟರೆ ಅದರ ಗೋಂದು ಪೆಟ್ರೋಲ್ ಬಟ್ಟೆಗೂ ಜಗ್ಗುವುದಿಲ್ಲ.

ಹಾಗಾದರೆ ಮುಂದೆ ಏನೂ ಬೇಡವಾ?

ಗಾಡಿ ಸೊಂಟದ ಮಟ್ಟಕ್ಕಿಂತ ತಗ್ಗಿದ್ದರೆ ಬೇಕು. ಮುಂದಿನ ಕಾರಿನ ಕನ್ನಡಿಯಲ್ಲಿ ಅಂಥ ಗಾಡಿ ಕಾಣುವುದೇ ಕಷ್ಟ. ಎರಡು ಸಣ್ಣ ಬಿಳಿ ಎಲ್‌ಇಡಿ ಪಟ್ಟಿ ಸದಾ ಉರಿಯುವ ಹಾಗೆ ಹಾಕಿ. ಎರಡರ ನಡುವೆ ಆದಷ್ಟು ಅಂತರ ಇರಲಿ, ಆಗ ನೀವು ಹತ್ತಿರ ಬರುತ್ತಿದ್ದೀರಿ ಅಂತ ಕನ್ನಡಿಯಲ್ಲೇ ಗೊತ್ತಾಗುತ್ತದೆ.

ಮುಂದಿನವನಿಗೆ ಡಿಮ್-ಡಿಪ್ ಹೊಡೆದು ದಾರಿ ಕೇಳುವ ಅಭ್ಯಾಸ ಮೈಸೂರು–ಬೆಂಗಳೂರು ರಸ್ತೆಯಲ್ಲೇ ಇರಲಿ. ಟ್ರ್ಯಾಕ್ ಡೇಯಲ್ಲಿ ಅವನು ಕೈ ತೋರಿಸಿದ ಮೇಲಷ್ಟೇ ದಾಟುವುದು.

ಇಂಡಿಕೇಟರ್ ಬೇಕಾ?

ತೆರೆದ ಗಾಡಿಯಲ್ಲಿ ಬೇಡ, ಕೈ ತೋರಿಸಿದರೆ ಸಾಕು. ಮುಚ್ಚಿದ ಗಾಡಿಯಲ್ಲಿ, ಅದರಲ್ಲೂ ಕಿಟಕಿಗೆ ಬಲೆ ಹಾಕಿದ್ದರೆ, ಕೈ ಹೊರಗೆ ಬರುವುದಿಲ್ಲ. ಆಗ "ಈ ಕಡೆಯಿಂದ ಹೋಗು" ಅನ್ನಲು ಇಂಡಿಕೇಟರ್ರೇ ಗತಿ. ಆದರೆ ಬೆಳಿಗ್ಗೆ ಚಾಲಕರ ಸಭೆಯಲ್ಲಿ ಕಿವಿಗೊಟ್ಟು ಕೇಳಿ. ಎಡಕ್ಕೆ ಇಂಡಿಕೇಟರ್ ಹಾಕಿದರೆ "ನಾನು ಎಡಕ್ಕೆ ಸರಿಯುತ್ತೇನೆ" ಅಂತಲೋ, "ನೀನು ಎಡದಿಂದ ಹೋಗು" ಅಂತಲೋ? ಇದು ಮೊದಲೇ ಸ್ಪಷ್ಟವಾಗಬೇಕು.

ನಾಲ್ಕೂ ಒಟ್ಟಿಗೆ ಮಿಣುಕುವ ಸ್ವಿಚ್ಚೂ ಇರಲಿ. ಎಂಜಿನ್ ಕೈಕೊಟ್ಟು ಅಂಚಿನಲ್ಲಿ ತೆವಳಿಕೊಂಡು ಬರುವಾಗ ಬೇಕಾಗುತ್ತದೆ. ಎಲ್‌ಇಡಿ ಇಂಡಿಕೇಟರ್ ಹಾಕಿದ ಮೇಲೆ ವಿಪರೀತ ಬೇಗ ಬೇಗ ಮಿಣುಕಿದರೆ ಲ್ಯಾಂಪು ಕೆಟ್ಟಿಲ್ಲ. ಹಳೇ ಫ್ಲಾಷರ್‌ಗೆ ಕರೆಂಟು ಕಡಿಮೆ ಹೋಗುತ್ತಿದೆ, "ಬಲ್ಬು ಹೋಗಿದೆ" ಅಂತ ಅದು ತಿಳಿದುಕೊಂಡಿದೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿ.

ಯಾವ ಬಣ್ಣ ಹಾಕಬಾರದು?

ಮುಂದೆ ಕೆಂಪು ಬೇಡ, ಹಿಂದೆ ಬಿಳಿ ಬೇಡ, ನೀಲಿ ಎಲ್ಲೂ ಬೇಡ. ತಿರುಗುವ ಹಳದಿ ಲೈಟಂತೂ ಬೇಡವೇ ಬೇಡ. ಟ್ರ್ಯಾಕಿನಲ್ಲಿ ಹಳದಿ ಅಂದರೆ ಅಪಾಯ, ಯಾರೂ ದಾಟಬೇಡಿ ಅಂತ. ನೀಲಿ ಅಂದರೆ ಹಿಂದೆ ವೇಗದ ಗಾಡಿ ಬರುತ್ತಿದೆ, ಕೆಂಪು ಅಂದರೆ ಓಟ ನಿಂತಿತು ಅಂತ. ಬಾವುಟ ಹಿಡಿದವರ ಬಣ್ಣವನ್ನು ಗಾಡಿಯ ಮೇಲೆ ಹಾಕಿಕೊಂಡು ಓಡಿದರೆ ಎಲ್ಲರಿಗೂ ಗೊಂದಲ. ಗಾಡಿಯನ್ನು ದಸರಾ ದೀಪಾಲಂಕಾರದ ಹಾಗೆ ಮಾಡಬೇಕು ಅನ್ನುವ ಆಸೆ ಇದ್ದರೆ ಶೆಡ್ಡಿನ ಗೋಡೆಗೆ ಹಾಕಿಕೊಳ್ಳಿ.

ಬ್ರೇಕ್ ಒತ್ತಿದರೆ ಇಂಡಿಕೇಟರೂ ಮಬ್ಬಾಗಿ ಹತ್ತುತ್ತದೆ. ದೆವ್ವ ಹಿಡಿದಿದೆಯಾ?

ಅರ್ಥ್ ಸರಿಯಿಲ್ಲ. ಫೈಬರ್ ಬಾಡಿಯ ಗಾಡಿಗಳಲ್ಲಿ ಇದು ಮಾಮೂಲು. ತಗಡಿನ ಕಾರಿನಲ್ಲಿ ಲ್ಯಾಂಪನ್ನು ಬಾಡಿಗೆ ಸ್ಕ್ರೂ ಮಾಡಿದರೆ ಅರ್ಥ್ ತಾನಾಗೇ ಸಿಗುತ್ತದೆ. ಫೈಬರ್‌ನಲ್ಲಿ ಕರೆಂಟು ಹರಿಯುವುದಿಲ್ಲ. ವಾಪಸ್ ಹೋಗಲು ದಾರಿ ಸಿಗದೆ ಕರೆಂಟು ಪಕ್ಕದ ಬಲ್ಬಿನೊಳಗಿಂದ ನುಸುಳಿ ಹೋಗುತ್ತದೆ, ಅದಕ್ಕೇ ಸಂಬಂಧವಿಲ್ಲದ ಲೈಟು ಮಬ್ಬಾಗಿ ಹತ್ತುವುದು.

ಪ್ರತಿ ಲ್ಯಾಂಪಿಗೂ ಕಪ್ಪು ವೈರೊಂದನ್ನು ಪ್ರತ್ಯೇಕವಾಗಿ ಎಳೆಯಿರಿ. ಎಲ್ಲವನ್ನೂ ಹಿಂದೆ ಒಂದು ಬೋಲ್ಟಿಗೆ ಸೇರಿಸಿ, ಅಲ್ಲಿಂದ ದಪ್ಪ ವೈರು ಬ್ಯಾಟರಿ ಮೈನಸ್ಸಿಗೆ. ಚಾಸಿಗೆ ಕಚ್ಚಿಸುವುದಾದರೆ ಬಣ್ಣ ಕೆರೆದು ಹೊಳೆಯುವ ಕಬ್ಬಿಣ ಕಾಣಿಸಿ, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ಪೌಡರ್ ಕೋಟಿಂಗ್ ಮಾಡಿಸಿದ ಚಾಸಿಯಲ್ಲಿ ಇದನ್ನ ಮರೆತರೆ ಯಾವ ಲೈಟೂ ನೆಟ್ಟಗೆ ಉರಿಯದು.

ವೈರಿಂಗಿಗೆ ಎಂಥ ವೈರು? ಬೆಸುಗೆ ಹಾಕಲಾ?

ಎಲ್‌ಇಡಿಗೆ 1 ಚದರ ಮಿ.ಮೀ. ವೈರು ಧಾರಾಳ. ಆಟೋ ವೈರೇ ತನ್ನಿ, ಮನೆಯ ವೈರಿಂಗಿನ ಗಟ್ಟಿ ತಾಮ್ರದ ಒಂಟಿ ಎಳೆ ಅದುರಿಗೆ ಮುರಿಯುತ್ತದೆ. 55 ವ್ಯಾಟಿನ ಎರಡು ಹೆಡ್‌ಲೈಟು ಇಟ್ಟುಕೊಂಡರೆ ಮಾತ್ರ 9 ಆಂಪಿಯರ್ ದಾಟುತ್ತದೆ. ಅದಕ್ಕೆ 2.5 ವೈರು, ರಿಲೇ, 15 ಆಂಪಿಯರ್ ಫ್ಯೂಸು. ಬ್ರೇಕ್ ಲೈಟಿಗೆ 5 ಆಂಪಿಯರ್‌ನ ಫ್ಯೂಸು ಅದಕ್ಕೊಂದೇ ಇರಲಿ. ಹಾರನ್ ಜೊತೆ, ಫ್ಯಾನ್ ಜೊತೆ ಹಂಚಿಕೊಳ್ಳಬೇಡಿ. ಫ್ಯಾನ್ ಜಾಮಾಗಿ ಫ್ಯೂಸು ಹಾರಿದರೆ ಬ್ರೇಕ್ ಲೈಟೂ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಬೆಸುಗೆ ಬೇಡ. ಬೆಸುಗೆ ಮುಗಿಯುವ ಅಂಚಿನಲ್ಲಿ ವೈರು ಬಿರುಸಾಗಿ, ಅದುರಿ ಅದುರಿ ಅಲ್ಲೇ ತುಂಡಾಗುತ್ತದೆ. ಒಳ್ಳೆ ಇಕ್ಕಳದಿಂದ ಥಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ಕೊಳವೆ) ಒತ್ತಿ, ಮೇಲೆ ಹೀಟ್ ಶ್ರಿಂಕ್ ತೊಡಿಸಿ. ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತುವ ಪದ್ಧತಿ ಮದುವೆ ಮನೆ ಸೀರಿಯಲ್ ಸೆಟ್ಟಿಗೆ ಸರಿ. ವೈರು ತಗಡು ದಾಟುವಲ್ಲೆಲ್ಲ ರಬ್ಬರ್ ಗ್ರೊಮೆಟ್ ಹಾಕಿ.

ಡ್ಯಾಶ್‌ಬೋರ್ಡಿನ ಬಲ್ಬೆಲ್ಲ ಎಲ್‌ಇಡಿ ಮಾಡಿದೆ. ಈಗ ಬ್ಯಾಟರಿ ಚಾರ್ಜೇ ಆಗುತ್ತಿಲ್ಲ!

ಆಗುವುದಿಲ್ಲ. ಹಳೇ ಕಾರುಗಳಲ್ಲಿ ಬ್ಯಾಟರಿ ಚಿತ್ರದ ಆ ಕೆಂಪು ದೀಪ ಬರೀ ದೀಪವಲ್ಲ. ಅದರ ಮೂಲಕ ಹರಿಯುವ ಸ್ವಲ್ಪ ಕರೆಂಟಿನಿಂದಲೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎದ್ದು ಕೆಲಸ ಶುರು ಮಾಡುವುದು. ಎಲ್‌ಇಡಿ ಬಿಡುವ ಕರೆಂಟು ಅದಕ್ಕೆ ಸಾಲುವುದಿಲ್ಲ. ಒಮ್ಮೊಮ್ಮೆ ಎಂಜಿನ್ ಜೋರಾಗಿ ರೇಸ್ ಮಾಡಿದ ಮೇಲೆ ಎಚ್ಚರಾಗುತ್ತದೆ, ಒಮ್ಮೊಮ್ಮೆ ಇಲ್ಲ. ಆ ಒಂದು ಜಾಗಕ್ಕೆ ಹಳೇ ಬಲ್ಬೇ ವಾಪಸ್ ಹಾಕಿ. ಎಲ್‌ಇಡಿಯೇ ಬೇಕೆಂದರೆ ಅದಕ್ಕೆ ಅಡ್ಡಲಾಗಿ (ಪ್ಯಾರಲಲ್ ಆಗಿ) 68 ಓಮ್, 5 ವ್ಯಾಟಿನ ರೆಸಿಸ್ಟರ್ ಕೊಡಿ.

ಆಯಿಲ್ ಪ್ರೆಷರ್ ದೀಪವನ್ನು ಮಾತ್ರ ಧಾರಾಳವಾಗಿ ದೊಡ್ಡದು ಮಾಡಿ. ತಿರುವಿನಲ್ಲಿ ಮೀಟರ್ ನೋಡುವ ಪುರುಸೊತ್ತು ಇರುವುದಿಲ್ಲ, ಕಣ್ಣಿಗೆ ರಾಚುವ ಕೆಂಪು ದೀಪವಾದರೆ ಎಂಜಿನ್ ಉಳಿಯುತ್ತದೆ.

ಆಲ್ಟರ್ನೇಟರ್ ತೆಗೆದು ಬರೀ ಬ್ಯಾಟರಿ ಮೇಲೆ ಓಡಿಸುತ್ತೇನೆ. ಲೈಟು ಬ್ಯಾಟರಿ ತಿಂದುಬಿಡುತ್ತದಾ?

ಎಲ್‌ಇಡಿ ತಿನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ತಿನ್ನುವುದು ರೇಡಿಯೇಟರ್ ಫ್ಯಾನು, ಆಮೇಲೆ ಪೆಟ್ರೋಲ್ ಪಂಪು. ಲೈಟು ಉಳಿಸಿ ಚಾರ್ಜ್ ಉಳಿಸುವ ಯೋಚನೆ ಬಿಡಿ.

ಟ್ರ್ಯಾಕಿಗೆ ಮುಂಚೆ ರಿಂಗ್ ರೋಡಿನಲ್ಲಿ ಒಂದು ರೌಂಡ್ ಹೊಡೆದು ನೋಡಲಾ? ಲೈಟೆಲ್ಲ ಇದೆಯಲ್ಲ.

ಲೈಟು ಇದ್ದ ಮಾತ್ರಕ್ಕೆ ಅದು ರಸ್ತೆಯ ಗಾಡಿ ಆಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸುವಂತಿಲ್ಲ. ಮುಂಜಾನೆ ನಾಲ್ಕು ಗಂಟೆಗೆ ಯಾರೂ ಇರುವುದಿಲ್ಲ ಅನ್ನಬೇಡಿ. ಮಂಡ್ಯ ಕಡೆ ಆ ಹೊತ್ತಿಗೆ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಾಗುತ್ತದೆ, ನಿಮ್ಮದೋ ಹೆಡ್‌ಲೈಟ್ ಕಿತ್ತ ಗಾಡಿ.

ಫ್ಲ್ಯಾಟ್‌ಬೆಡ್ ಲಾರಿ ಬಾಡಿಗೆಗೆ ಮಾಡಿ. ಕೊಯಮತ್ತೂರಿಗೆ ಬಂಡೀಪುರದ ದಾರಿ ಹಿಡಿದರೆ ಅಲ್ಲಿನ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತದೆ. ಇನ್ನೊಂದು ದಾರಿಯಾದ ದಿಂಬಂ ಘಾಟಿನಲ್ಲೂ ರಾತ್ರಿ ನಿರ್ಬಂಧ ಇದೆ, ಅದರ ಮೇಲೆ 27 ಹೇರ್‌ಪಿನ್ ತಿರುವು. ಬೆಲ್ಟ್ ಬಿಗಿಯುವಾಗ ಹಿಂದಿನ ಲ್ಯಾಂಪಿನ ವೈರಿನ ಮೇಲೆ ಬಿಗಿಯಬೇಡಿ. ಇಲ್ಲಿ ಉರಿಯುತ್ತಿದ್ದ ಲೈಟು ಅಲ್ಲಿ ಇಳಿಸಿದಾಗ ಉರಿಯದಿರಲು ಮುಕ್ಕಾಲುಪಾಲು ಕಾರಣ ಅದೇ.

ದುಡ್ಡು ಕಡಿಮೆ ಇದೆ. ಮೊದಲು ಯಾವುದು?

ಹೊಸ ಬ್ರೇಕ್ ಸ್ವಿಚ್, ಲಾರಿ ಟ್ರೈಲರಿನ ಎರಡು ಎಲ್‌ಇಡಿ ಲ್ಯಾಂಪು, ಅವಕ್ಕೆ ಒಳ್ಳೆ ವೈರು. ಮುಂದಿನ ತಿಂಗಳು ಮಳೆ ಲೈಟು. ಉಳಿದದ್ದಕ್ಕೆ ಟೈರು ಕೊಳ್ಳಿ.

ಟ್ರ್ಯಾಕಿಗೆ ಏನೇನು ಬಿಡಿಸಾಮಾನು ಒಯ್ಯಬೇಕು?

ಒಂದು ಬ್ರೇಕ್ ಸ್ವಿಚ್, ಒಂದು ಲ್ಯಾಂಪು, ಆರೇಳು ಫ್ಯೂಸು, ಎರಡು ಮೀಟರ್ ವೈರು, ಥಿಂಬಲ್, ಇಕ್ಕಳ, ಕೇಬಲ್ ಟೈ, ಕೆಂಪು ಟೇಪು, ಟೆಸ್ಟ್ ಲ್ಯಾಂಪು. ಗಾಡಿ ಇಳಿಸಿದ ಕೂಡಲೇ, ಪರೀಕ್ಷೆ ಮಾಡುವವರು ಬರುವ ಮುಂಚೆ, ಒಬ್ಬರನ್ನು ಹಿಂದೆ ನಿಲ್ಲಿಸಿ ಪೆಡಲ್ ಒತ್ತಿ ನೋಡಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಇನ್ನೊಮ್ಮೆ ಒತ್ತಿ. ಎಂಜಿನ್ ಅದುರುವಾಗ ಮಾತ್ರ ಕೈಕೊಡುವ ಕನೆಕ್ಷನ್‌ಗಳು ಆಗಲೇ ಸಿಕ್ಕಿಬೀಳುವುದು. ಕಿಲ್ ಸ್ವಿಚ್ ಒತ್ತಿದಾಗ ಎಂಜಿನ್ ನಿಂತು ಎಲ್ಲ ಲೈಟೂ ಆರುತ್ತದಾ ಅನ್ನುವುದನ್ನೂ ಅಲ್ಲೇ ನೋಡಿಬಿಡಿ. ಪರೀಕ್ಷೆಯವರು ಅದನ್ನೂ ಕೇಳಬಹುದು.